ಬೂಷ್ಟುಗಳ ಜಗಳ, ನಮ್ಮ ಮದ್ದು

ಜೂನ್‌ನಲ್ಲಿ ಹದ ಮಳೆ ಬಿದ್ದು ಎರಡು ದಿನ ಬಿಡುವು ಕೊಟ್ಟರೆ ಸಾಕು, ಆಳಂದ ತಾಲ್ಲೂಕಿನ ನಮ್ಮೂರಲ್ಲಿ ತೊಗರಿ ಬಿತ್ತನೆಯ ಗಡಿಬಿಡಿ ಶುರು. ಹೋದ ವರ್ಷ ಕಾಕಾ ಅಂಗಳದಲ್ಲಿ ತಾಡಪತ್ರಿ ಹಾಸಿ ಬೀಜ ಸುರಿದಿದ್ದರು. ನಾನು ಟ್ರೈಕೋಡರ್ಮಾ ಪುಡಿಯ ಪೊಟ್ಟಣ ಬಿಚ್ಚಿದೆ. ಒಂದು ಕಿಲೋ ಬೀಜಕ್ಕೆ ನಾಲ್ಕು ಗ್ರಾಂ. ಬೆಲ್ಲದ ನೀರು ಚಿಮುಕಿಸಿ, ಪುಡಿ ಉದುರಿಸಿ, ಕೈಯಲ್ಲೇ ಮೆಲ್ಲಗೆ ಹೊರಳಿಸಿದರೆ ಕೆಂಪು ಬೀಜಕ್ಕೆಲ್ಲ ತೆಳ್ಳಗೆ ಹಸಿರು ಹತ್ತುತ್ತದೆ. ಆಮೇಲೆ ನೆರಳಲ್ಲಿ ಒಣಗಿಸಬೇಕು. ಕಾಕಾ ಆ ಪುಡಿಯನ್ನು ಬೆರಳಲ್ಲಿ ಉಜ್ಜಿ ಮೂಸಿ ನೋಡಿದರು.

"ಇದೂ ಬೂಷ್ಟೇ ಅಲ್ಲೇನೋ ತಮ್ಮಾ? ರೊಟ್ಟಿಗಿ ಬೂಷ್ಟು ಹತ್ತಿದ್ರ ತಿಪ್ಪಿಗಿ ಒಗಿತೀವಿ. ಬೀಜಕ್ಕ ನಾವೇ ಹಚ್ಚಲಾಕತ್ತೀವಿ!"

ಹೌದು, ಅದೂ ಬೂಷ್ಟೇ. ಪುಸ್ತಕದಲ್ಲಿ ಶಿಲೀಂಧ್ರ ಅಂತ ಬರೆಯುವ ದೊಡ್ಡ ಕುಲದ ಒಂದು ಮನೆತನ. ತೊಗರಿಯನ್ನು ಒಣಗಿಸುವ ನೆಟೆ ರೋಗ ತರುವ ಫ್ಯುಸೇರಿಯಂ ಕೂಡ ಅದೇ ಕುಲದ್ದು. ಒಂದು ಬೂಷ್ಟನ್ನು ತಡೆಯೋಕೆ ಇನ್ನೊಂದನ್ನು ಕಾವಲಿಗೆ ಇಡುತ್ತಿದ್ದೇವೆ. ಆ ಕಾವಲುಗಾರನ ಕೈಯಲ್ಲಿರುವ ಮುಖ್ಯ ಆಯುಧ ರಾಸಾಯನಿಕ. ಇಂಥ ಆಯುಧಗಳಲ್ಲಿ ಕೆಲವನ್ನು ಮನುಷ್ಯ ಎರವಲು ತಂದು ಪೆನಿಸಿಲಿನ್ ಮಾಡಿಕೊಂಡ, ಕೊಲೆಸ್ಟರಾಲ್ ಗುಳಿಗೆ ಮಾಡಿಕೊಂಡ, ಕಿಡ್ನಿ ಕಸಿ ಆದವರಿಗೆ ಕೊಡುವ ಔಷಧಿ ಮಾಡಿಕೊಂಡ. ಈಗ ಹಳೆಯ ಔಷಧಿಗಳು ಒಂದೊಂದಾಗಿ ಸೋಲುತ್ತಿವೆ. ಹೊಸವು ಎಲ್ಲಿಂದ ಬರಬೇಕು? ಬೂಷ್ಟನ್ನು ಒಂಟಿಯಾಗಿ ಗಾಜಿನ ತಟ್ಟೆಯಲ್ಲಿ ಸಾಕಿ ನೋಡಿದ್ದು ಸಾಕು, ಅದು ಯಾರ ಜೊತೆ ಜಗಳ ಆಡುತ್ತದೆ ಅಂತ ನೋಡಬೇಕು ಅನ್ನೋದು ನನ್ನ ಮಾತು. ಆ ಜಗಳ ನಮ್ಮ ಎರೆ ಹೊಲದಲ್ಲೇ ದಿನಾ ನಡೆಯುತ್ತಿದೆ.

ನೆಟೆ ರೋಗ ನೋಡದವರಿಗೆ ಸ್ವಲ್ಪ ಹೇಳಬೇಕು. ಗಿಡ ಎದೆಮಟ್ಟ ಬೆಳೆದು, ಹೂ ಬಿಟ್ಟು, ಇನ್ನೇನು ಕಾಯಿ ಕಟ್ಟಬೇಕು ಅನ್ನುವಾಗ ಎಲೆ ಹಳದಿಯಾಗಿ ಜೋತು ಬೀಳುತ್ತದೆ. ಭೂಮಿಯಲ್ಲಿ ಹಸಿ ಇದ್ದರೂ ಗಿಡ ಬಾಯಾರಿ ಸಾಯುತ್ತದೆ. ಕಾಂಡ ಸೀಳಿದರೆ ಒಳಗೆ ಉದ್ದಕ್ಕೂ ಕಪ್ಪು ಗೆರೆ. ಬೇರಿನಿಂದ ಹೊಕ್ಕ ಶಿಲೀಂಧ್ರ ನೀರು ಏರುವ ದಾರಿಯನ್ನೇ ಕಟ್ಟಿರುತ್ತದೆ. ಈ ರೋಗವನ್ನು 1906ರಲ್ಲೇ ಸಸ್ಯರೋಗ ವಿಜ್ಞಾನಿ ಇ. ಜೆ. ಬಟ್ಲರ್ ವಿವರಿಸಿದ್ದರು. ನೂರು ವರ್ಷ ದಾಟಿದರೂ ಅದು ಹೋಗಿಲ್ಲ. ಕಟಾವಾದ ಮೇಲೂ ಕೂಳೆಯಲ್ಲಿ, ಮಣ್ಣಲ್ಲಿ ಎರಡು ಮೂರು ವರ್ಷ ಜೀವ ಹಿಡಿದು ಕೂತಿರುತ್ತದೆ. 'ಮಾರುತಿ', ಟಿಎಸ್-3ಆರ್ ಥರದ ತಡೆದುಕೊಳ್ಳುವ ತಳಿಗಳು ಬಂದವು, ಬಹಳ ಮಂದಿ ರೈತರನ್ನು ಉಳಿಸಿದವು. ಆದರೂ 2022-23ರ ಹಂಗಾಮಿನಲ್ಲಿ ನಮ್ಮ ಜಿಲ್ಲೆಯ ಹೊಲಗಳು ಎಷ್ಟು ಒಣಗಿದವೆಂದರೆ ಸರ್ಕಾರ ಪರಿಹಾರ ಘೋಷಿಸಬೇಕಾಯಿತು. 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ ಕಲಬುರಗಿ ತೊಗರಿಯ ಕಥೆ ಇದು.

ನಾನು ಕಲಬುರಗಿಯ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಮಕ್ಕಳಿಗೆ ಈ ಜಗಳವನ್ನು ಕಣ್ಣಾರೆ ತೋರಿಸೋಕೆ ಪ್ರತಿ ವರ್ಷ ಒಂದು ಪ್ರಯೋಗ ಮಾಡುತ್ತೇನೆ. ಆಲೂಗಡ್ಡೆ ಕುದಿಸಿದ ನೀರು, ಸಕ್ಕರೆ, ಅಗರ್ ಸೇರಿಸಿ ಮಾಡಿದ ಗಟ್ಟಿ ಗಂಜಿಯ ತಟ್ಟೆ. ಒಂದು ಅಂಚಿಗೆ ನೆಟೆ ಹೋದ ಗಿಡದ ಕಾಂಡದಿಂದ ತೆಗೆದ ಫ್ಯುಸೇರಿಯಂ, ಎದುರು ಅಂಚಿಗೆ ಟ್ರೈಕೋಡರ್ಮಾ. ಎರಡನೇ ದಿನಕ್ಕೆ ಎರಡೂ ಕಡೆಯಿಂದ ಬಿಳಿ ಹತ್ತಿ ಎಳೆಗಳು ಹೊರಡುತ್ತವೆ. ಟ್ರೈಕೋಡರ್ಮಾ ಓಟದಲ್ಲಿ ಮುಂದು. ಮೂರು ನಾಲ್ಕನೇ ದಿನಕ್ಕೆ ಎದುರುಬದುರಾಗುತ್ತವೆ. ಅಲ್ಲಿ ಫ್ಯುಸೇರಿಯಂ ನಿಲ್ಲುತ್ತದೆ. ಅದರ ಅಂಚು ಮೊಂಡಾಗಿ, ಎಳೆ ಸಪ್ಪಗಾಗುತ್ತದೆ. ವಾರ ಕಳೆಯೋದರೊಳಗೆ ಹಸಿರು ಬೀಜಕಣಗಳು ಅದರ ಮೇಲೆಯೇ ಹಬ್ಬಿರುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಟ್ರೈಕೋಡರ್ಮಾದ ಎಳೆ ಶತ್ರುವಿನ ಎಳೆಗೆ ಹಗ್ಗದ ಹಾಗೆ ಸುತ್ತಿಕೊಂಡಿರುತ್ತದೆ.

ಹೊಸದಾಗಿ ನೋಡುವವರಿಗೆಲ್ಲ ಅಚ್ಚರಿ ಆಗೋದು ಬೇರೆಯದಕ್ಕೆ. ತಟ್ಟೆಯ ಹತ್ತಿರ ನಿಂತರೆ ಕೆಲವೊಮ್ಮೆ ಹಸಿ ಕೊಬ್ಬರಿಯ ವಾಸನೆ ಬರುತ್ತದೆ. "ಸರ್, ಯಾರೋ ಕಾಯಿ ಒಡದಾರ" ಅಂದಿದ್ದಳು ಒಬ್ಬ ಹುಡುಗಿ. ಟ್ರೈಕೋಡರ್ಮಾದ ಕೆಲವು ಬಗೆಗಳು ಪೆಂಟೈಲ್ ಪೈರೋನ್ ಅನ್ನೋ ವಸ್ತುವನ್ನು ಬಿಡುತ್ತವೆ. ಆ ಕೊಬ್ಬರಿ ವಾಸನೆ ಅದರದೇ. ನಮಗೆ ಹಿತವಾದ ಆ ವಾಸನೆ ಬೇರೆ ಬೂಷ್ಟುಗಳ ಬೆಳವಣಿಗೆಗೆ ಕಡಿವಾಣ. ಆಯುಧಕ್ಕೂ ಪರಿಮಳ ಇರಬಹುದು ಅಂತ ಮಕ್ಕಳು ಅವತ್ತು ಕಲಿಯುತ್ತಾರೆ.

ಶಿಲೀಂಧ್ರಕ್ಕೆ ಇಷ್ಟೆಲ್ಲ ರಾಸಾಯನಿಕ ಯಾಕೆ ಬೇಕು? ಅದರ ಬದುಕನ್ನು ನೋಡಿದರೆ ಗೊತ್ತಾಗುತ್ತದೆ. ಓಡೋಕೆ ಕಾಲಿಲ್ಲ, ಕಚ್ಚೋಕೆ ಹಲ್ಲಿಲ್ಲ. ಅದು ಊಟವನ್ನು ಮೈಯ ಹೊರಗೇ ಅರಗಿಸುತ್ತದೆ. ಕಿಣ್ವ ಸುರಿದು ಕೂಳೆಯನ್ನೋ ಸಗಣಿಯನ್ನೋ ಕರಗಿಸಿ, ಆಮೇಲೆ ಹೀರಿಕೊಳ್ಳುತ್ತದೆ. ಬೀದಿಯಲ್ಲಿ ತಾಟಿಟ್ಟುಕೊಂಡು ಉಂಡ ಹಾಗೆ. ಬಾಜೂಕಿನ ಬ್ಯಾಕ್ಟೀರಿಯಾ, ಇನ್ನೊಂದು ಬೂಷ್ಟು, ಮಣ್ಣಿನ ಹುಳ ಎಲ್ಲವೂ ಆ ತಾಟಿಗೆ ಕೈ ಹಾಕುತ್ತವೆ. ಕೆಲವು ಶಿಲೀಂಧ್ರವನ್ನೇ ತಿನ್ನುತ್ತವೆ. ಆಸ್ಪರ್ಜಿಲ್ಲಸ್ ನಿಡುಲನ್ಸ್ ಅನ್ನೋ ಬೂಷ್ಟಿನ ವಿಷ ತಯಾರಿಕೆಯ ಮುಖ್ಯ ಜೀನನ್ನು ವಿಜ್ಞಾನಿಗಳು ತೆಗೆದುಹಾಕಿ, ಅದನ್ನೂ ಮಾಮೂಲಿ ಬೂಷ್ಟನ್ನೂ ಮಣ್ಣಿನ ಚಿಕ್ಕ ಜಿಗಿಹುಳಗಳ ಮುಂದೆ ಇಟ್ಟರು. 2007ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಹುಳಗಳು ವಿಷ ಇಲ್ಲದ್ದನ್ನೇ ಆರಿಸಿ ತಿಂದವು. ಅಂದರೆ ಈ ರಾಸಾಯನಿಕಗಳು ಸುಮ್ನೆ ಉಳಿದ ಕಸ ಅಲ್ಲ. ಪ್ರಾಣ ಉಳಿಸುವ ಬೇಲಿ.

ಈ ಕಣ್ಣಿಂದ ನೋಡಿದರೆ ಔಷಧಿಗಳ ಹಳೆಯ ಕಥೆಗಳೂ ಬೇರೆ ರೀತಿ ಕಾಣುತ್ತವೆ. 1928ರಲ್ಲಿ ಲಂಡನ್ನಿನ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಕಂಡದ್ದು ಒಂದು ಜಗಳವನ್ನೇ. ಬೂಷ್ಟಿನ ಸುತ್ತ ಬ್ಯಾಕ್ಟೀರಿಯಾ ಸತ್ತ ಜಾಗ. ಪೆನಿಸಿಲಿನ್ ಕಥೆ ಎಲ್ಲರಿಗೂ ಗೊತ್ತು, ಅದನ್ನು ಬಿಡೋಣ. ಅಷ್ಟಾಗಿ ಗೊತ್ತಿಲ್ಲದ್ದು ಜಪಾನಿನ ಅಕಿರಾ ಎಂಡೋ ಅವರ ಕಥೆ.

ಎಂಡೋ ರೈತರ ಮನೆಯ ಹುಡುಗ. ಅಣಬೆ, ಬೂಷ್ಟು ಅಂದರೆ ಚಿಕ್ಕಂದಿನಿಂದ ಆಸೆ. ಔಷಧಿ ಕಂಪನಿ ಸೇರಿದ ಮೇಲೆ 1971ರಲ್ಲಿ ಅವರು ಒಂದು ಲೆಕ್ಕ ಹಾಕಿದರು. ನಮ್ಮ ಜೀವಕೋಶದ ಪೊರೆಗೆ ಕೊಲೆಸ್ಟರಾಲ್ ಬೇಕು. ಬೂಷ್ಟಿನ ಪೊರೆಗೆ ಅದರ ದಾಯಾದಿ ಎರ್ಗೊಸ್ಟೆರಾಲ್ ಬೇಕು. ಎರಡೂ ತಯಾರಾಗೋದು ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ. ಯಾವುದೋ ಒಂದು ಬೂಷ್ಟು ತನ್ನ ವೈರಿಯ ಪೊರೆ ಕಟ್ಟದ ಹಾಗೆ ಆ ದಾರಿಗೆ ಅಡ್ಡ ಹಾಕುವ ವಿಷ ಮಾಡುತ್ತಿರಬೇಕು. ಆ ವಿಷ ಸಿಕ್ಕರೆ ಮನುಷ್ಯನ ಕೊಲೆಸ್ಟರಾಲ್ ಇಳಿಸಬಹುದು! ಈ ಊಹೆ ಹಿಡಿದು ಸುಮಾರು 6,000 ಬಗೆಗಳನ್ನು ಒಂದೊಂದಾಗಿ ಪರೀಕ್ಷೆ ಮಾಡಿದರು. ಮೊದಲು ಸಿಕ್ಕಿದ ಸಿಟ್ರಿನಿನ್ ಕೆಲಸವೇನೋ ಮಾಡಿತು, ಆದರೆ ಕಿಡ್ನಿಗೆ ವಿಷ. ಬಿಟ್ಟರು. ಕಡೆಗೆ 1973ರಲ್ಲಿ, ಕ್ಯೋಟೊದ ಅಕ್ಕಿಯಲ್ಲಿ ಬೆಳೆದಿದ್ದ ಪೆನಿಸಿಲಿಯಂ ಅನ್ನೋ ಒಂದು ಬೂಷ್ಟಿನಲ್ಲಿ ಬೇಕಾದ್ದು ಸಿಕ್ಕಿತು. ಸ್ಟಾಟಿನ್ ಗುಳಿಗೆಗಳ ಮೂಲಪುರುಷ ಅದು. ಇನ್ನೊಂದು ಬೂಷ್ಟಿನಿಂದ ಬಂದ ಲೊವಾಸ್ಟಾಟಿನ್‌ಗೆ 1987ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ನಮ್ಮಪ್ಪ ರಾತ್ರಿ ಊಟ ಆದಮೇಲೆ ನುಂಗುವ ಅಟೊರ್ವಾಸ್ಟಾಟಿನ್ ಕಾರ್ಖಾನೆಯಲ್ಲೇ ತಯಾರಾಗುತ್ತದೆ, ಆದರೆ ಅದು ತುಳಿದಿರುವುದು ಆ ಬೂಷ್ಟು ತೋರಿಸಿದ ದಾರಿಯನ್ನೇ. ಎಂಡೋ 2024ರ ಜೂನ್‌ನಲ್ಲಿ ತೀರಿಕೊಂಡರು. ಅವರ ಗೆಲುವಿನಲ್ಲಿ ಅದೃಷ್ಟಕ್ಕಿಂತ ಯೋಚನೆ ಜಾಸ್ತಿ ಅನ್ನೋದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಬೂಷ್ಟಿಗೆ ಯಾರು ವೈರಿ, ಆ ವೈರಿಯನ್ನು ಎಲ್ಲಿ ಹೊಡೆಯಬೇಕು ಅಂತ ಅವರು ಮೊದಲು ಕೇಳಿದರು. ಹುಡುಕಾಟ ಆಮೇಲೆ ಬಂತು.

ಹುಳಕಡ್ಡಿಗೆ ಕೊಡುವ ಗ್ರಿಸಿಯೊಫಲ್ವಿನ್ ಗುಳಿಗೆಯ ಹಿಂದೆಯೂ ಮಣ್ಣಿನ ಜಗಳ ಇದೆ. ಅದನ್ನು 1939ರಲ್ಲೇ ಒಂದು ಪೆನಿಸಿಲಿಯಂನಿಂದ ಬೇರ್ಪಡಿಸಿದ್ದರು, ಆದರೆ ಉಪಯೋಗ ಏನೆಂದು ಹೊಳೆದಿರಲಿಲ್ಲ. ಇಂಗ್ಲೆಂಡಿನ ವೇರ್‌ಹ್ಯಾಮ್ ಬಯಲಲ್ಲಿ ಪೈನ್ ಗಿಡಗಳು ಏನು ಮಾಡಿದರೂ ಏಳುತ್ತಿರಲಿಲ್ಲ. ವಿಜ್ಞಾನಿ ಪಿ. ಡಬ್ಲ್ಯು. ಬ್ರಿಯಾನ್ ಮತ್ತು ಸಂಗಡಿಗರು ಆ ಮಣ್ಣನ್ನು ಪರೀಕ್ಷೆ ಮಾಡಿದಾಗ, ಅಲ್ಲಿನ ಒಂದು ಬೂಷ್ಟು ಬೇರೆ ಬೂಷ್ಟುಗಳ ಎಳೆಗಳನ್ನು ಸುರುಳಿ ಸುತ್ತಿಸುವ ವಸ್ತು ಬಿಡೋದು 1946ರಲ್ಲಿ ಕಂಡಿತು. ಕೊನೆಗೆ ನೋಡಿದರೆ ಅದೂ ಗ್ರಿಸಿಯೊಫಲ್ವಿನ್ನೇ. 1950ರ ದಶಕದ ಕೊನೆಗೆ ಅದು ಚರ್ಮರೋಗದ ಗುಳಿಗೆಯಾಯಿತು. ಗಿಡ ಏಳದ ಬಂಜರು ಮಣ್ಣಿಂದ ಎಷ್ಟೋ ಮಕ್ಕಳ ತಲೆಯ ಹುಳಕಡ್ಡಿಗೆ ಮದ್ದು.

ಹುಳಕಡ್ಡಿಯ ಮಾತು ಬಂದಾಗ ಈಗಿನ ಸಂಕಟವನ್ನೂ ಹೇಳಲೇಬೇಕು. ಕಲಬುರಗಿಯ ಬೇಸಿಗೆ, ಬೆವರು, ಒಂದೇ ಟವೆಲ್ ನಾಲ್ಕು ಮಂದಿ ಬಳಸುವ ಮನೆಗಳು. ನನಗೂ ಎರಡು ವರ್ಷದ ಕೆಳಗೆ ಸೊಂಟದ ಸುತ್ತ ಹತ್ತಿತ್ತು. ಔಷಧಿ ಅಂಗಡಿಯಲ್ಲಿ ಕೇಳಿದ್ದಕ್ಕೆ ಒಂದು ಟ್ಯೂಬ್ ಕೊಟ್ಟರು. ಮೂರು ದಿನಕ್ಕೆ ತುರಿಕೆ ಹೋಯಿತು, ಮೂರು ವಾರಕ್ಕೆ ಎರಡರಷ್ಟಾಗಿ ಬಂತು. ಚರ್ಮದ ಡಾಕ್ಟರ್ ಆ ಟ್ಯೂಬ್ ನೋಡಿ, ಇದರಲ್ಲಿ ಸ್ಟೆರಾಯ್ಡ್ ಇದೆ ಅಂದರು. ಸ್ಟೆರಾಯ್ಡ್ ತುರಿಕೆಯನ್ನು ಮಾತ್ರ ಮಲಗಿಸುತ್ತದೆ. ಚರ್ಮದ ಕಾವಲೂ ಜೊತೆಗೇ ಮಲಗುತ್ತದೆ, ಬೂಷ್ಟು ಆರಾಮಾಗಿ ಹಬ್ಬುತ್ತದೆ. ದೇಶದಲ್ಲಿ ಈಗ ಹಬ್ಬಿರುವ ಬಗೆಗೆ ಟ್ರೈಕೋಫೈಟಾನ್ ಇಂಡೊಟಿನಿಯೇ ಅಂತ ಹೆಸರು, ಹೆಸರಲ್ಲೇ ಭಾರತ ಇದೆ. ಟರ್ಬಿನಾಫಿನ್ ಗುಳಿಗೆಗೆ ಅದು ಬಹಳ ಕಡೆ ಬಗ್ಗುತ್ತಿಲ್ಲ. ನನಗೆ ವಾಸಿಯಾಗೋಕೆ ತಿಂಗಳುಗಟ್ಟಲೆ ಹಿಡಿಯಿತು. ದಯವಿಟ್ಟು ಯಾರೂ ಡಾಕ್ಟರಿಗೆ ತೋರಿಸದೆ ಅಂಥ ಟ್ಯೂಬ್ ಹಚ್ಚಬೇಡಿ.

ಚರ್ಮದ ಬೂಷ್ಟೇ ಇಷ್ಟು ಕಾಡಿದರೆ, ರಕ್ತಕ್ಕೆ, ಶ್ವಾಸಕೋಶಕ್ಕೆ ಇಳಿಯುವ ಬೂಷ್ಟಿನ ಕಥೆ ಇನ್ನೂ ಕಠಿಣ. 2021ರ ಬೇಸಿಗೆಯಲ್ಲಿ ಕೋವಿಡ್ ಹಿಂದೆಯೇ ಕಪ್ಪು ಶಿಲೀಂಧ್ರ ಬಂತು. ಆಂಫೊಟೆರಿಸಿನ್ ಇಂಜೆಕ್ಷನ್ನಿಗಾಗಿ ದೇಶದ ತುಂಬ ಜನ ಊರೂರು ಅಲೆದರು. ಅದೂ ಮಣ್ಣಿಂದಲೇ ಬಂದದ್ದು, ಆದರೆ ಬೂಷ್ಟಿನಿಂದಲ್ಲ, ಬ್ಯಾಕ್ಟೀರಿಯಾದಿಂದ. ವಿಶ್ವ ಆರೋಗ್ಯ ಸಂಸ್ಥೆ 2022ರ ಅಕ್ಟೋಬರ್‌ನಲ್ಲಿ ಅಪಾಯಕಾರಿ ಶಿಲೀಂಧ್ರಗಳ ಮೊದಲ ಪಟ್ಟಿ ಮಾಡಿತು. 19 ಹೆಸರು. 2025ರ ಏಪ್ರಿಲ್‌ನಲ್ಲಿ ಅದೇ ಸಂಸ್ಥೆ ಔಷಧಿಗಳ ಲೆಕ್ಕ ಕೊಟ್ಟಿತು. ಹತ್ತು ವರ್ಷದಲ್ಲಿ ಅಮೆರಿಕ, ಯುರೋಪ್, ಚೀನಾದಲ್ಲಿ ಒಪ್ಪಿಗೆ ಪಡೆದ ಹೊಸ ಶಿಲೀಂಧ್ರ ಔಷಧಿಗಳು ನಾಲ್ಕೇ ನಾಲ್ಕು. ಮನುಷ್ಯರ ಮೇಲೆ ಪರೀಕ್ಷೆಯಲ್ಲಿದ್ದದ್ದು ಒಂಬತ್ತು, ಅದರಲ್ಲಿ ಕೊನೆಯ ಹಂತದಲ್ಲಿದ್ದದ್ದು ಮೂರು.

ಇಷ್ಟು ಕಡಿಮೆ ಯಾಕೆ? ಶಿಲೀಂಧ್ರ ಗಿಡಕ್ಕಿಂತ ಪ್ರಾಣಿಗೆ ಹತ್ತಿರದ ನೆಂಟ. ನಮ್ಮ ಜೀವಕೋಶಕ್ಕೂ ಅದರ ಜೀವಕೋಶಕ್ಕೂ ಹೋಲಿಕೆ ಜಾಸ್ತಿ. ಅದನ್ನು ಕೊಲ್ಲುವ ವಿಷ ನಮ್ಮನ್ನೂ ಸುಡುತ್ತದೆ. ಬ್ಯಾಕ್ಟೀರಿಯಾ ವಿಷಯದಲ್ಲಿ ಈ ತೊಂದರೆ ಕಡಿಮೆ. ಪೆನಿಸಿಲಿನ್ ಒಡೆಯುವುದು ಬ್ಯಾಕ್ಟೀರಿಯಾದ ಗೋಡೆಯನ್ನು, ನಮಗೆ ಆ ಗೋಡೆಯೇ ಇಲ್ಲ. ಹಾಗಾದರೆ ಬೂಷ್ಟಿಗಿದ್ದು ನಮಗಿಲ್ಲದ್ದು ಏನು? ಅದರ ಗೋಡೆಯಲ್ಲಿರುವ ಗ್ಲೂಕನ್ ಅನ್ನೋ ಸಕ್ಕರೆಯ ಸರಪಳಿ. ಅದನ್ನು ಹೊಡೆಯೋದು ಹೇಗೆಂದು ಕಲಿಸಿದ್ದೂ ಬೂಷ್ಟೇ. 2001ರಲ್ಲಿ ಬಂದ ಕ್ಯಾಸ್ಪೊಫಂಗಿನ್ ಅನ್ನೋ ಔಷಧಿ ಸ್ಪೇನಿನ ಒಂದು ಶಿಲೀಂಧ್ರ ಕೊಟ್ಟದ್ದು. 2021ರಲ್ಲಿ ಬಂದ ಐಬ್ರೆಕ್ಸಾಫಂಗರ್ಪ್‌ನ ಮೂಲವೂ ಶಿಲೀಂಧ್ರವೇ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಅಂತಾರಲ್ಲ, ಹಾಗೆ. ನೆಂಟರ ಮನೆಯ ಗುಟ್ಟು ನೆಂಟರಿಗೇ ಚೆನ್ನಾಗಿ ಗೊತ್ತು.

ಈಗ ವಿಷದ ಮಾತು. ಇದನ್ನು ಬಿಟ್ಟು ಔಷಧಿಯ ಮಾತಾಡುವುದು ನನಗೆ ಸರಿ ಕಾಣುವುದಿಲ್ಲ.

1995ರಲ್ಲಿ ದಖ್ಖನ್ನಿನ ಕೆಲವು ಹಳ್ಳಿಗಳಲ್ಲಿ ಅಕಾಲ ಮಳೆಗೆ ನೆನೆದು ಬೂಷ್ಟು ಹಿಡಿದ ಜೋಳ, ಮೆಕ್ಕೆಜೋಳದ ರೊಟ್ಟಿ ತಿಂದು ಜನ ಹೊಟ್ಟೆನೋವು, ಭೇದಿಯಿಂದ ಮಲಗಿದರು. ಕಾಳಿನಲ್ಲಿ ಇದ್ದದ್ದು ಫ್ಯುಮೊನಿಸಿನ್, ಫ್ಯುಸೇರಿಯಂ ಕುಲದ ವಿಷ. ಶೇಂಗಾದಲ್ಲಿ ಹಸಿರು ಹಳದಿ ಬೂಷ್ಟು ತರುವ ಆಸ್ಪರ್ಜಿಲ್ಲಸ್ ಫ್ಲೇವಸ್ ಅಫ್ಲಾಟಾಕ್ಸಿನ್ ಮಾಡುತ್ತದೆ. ಅದು ಲಿವರ್‌ಗೆ ಎಂಥ ವಿಷ ಅಂತ ಜಗತ್ತಿಗೆ ಗೊತ್ತಾದದ್ದು 1960ರಲ್ಲಿ, ಇಂಗ್ಲೆಂಡಿನಲ್ಲಿ ಕೆಟ್ಟ ಶೇಂಗಾ ಹಿಂಡಿ ತಿಂದು ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತಾಗ. ಬೂಷ್ಟು ಹಿಡಿದ ಕಾಳನ್ನು ತೊಳೆದು, ಬಿಸಿಲಿಗೆ ಹಾಕಿ, ಕುದಿಸಿ ತಿಂದರೆ ಏನೂ ಆಗಲ್ಲ ಅನ್ನೋ ಮಾತು ನಮ್ಮ ಊರುಗಳಲ್ಲಿ ಇನ್ನೂ ಇದೆ. ತಪ್ಪು. ಈ ವಿಷಗಳು ಅಡುಗೆಯ ಬಿಸಿಗೆ ಪೂರ್ತಿ ಹೋಗುವುದಿಲ್ಲ. ಅಂಥದ್ದನ್ನು ದನಕ್ಕೂ ಹಾಕಬೇಡಿ.

ಸಜ್ಜೆ ತೆನೆಯಲ್ಲಿ ಮೊದಲು ಅಂಟಂಟು ಹನಿ ಬಂದು, ಆಮೇಲೆ ಕಾಳಿನ ಜಾಗದಲ್ಲಿ ಕಪ್ಪು ಗಂಟು ಕಟ್ಟುವ ರೋಗ ಎರ್ಗಾಟ್. ಅದನ್ನು ತಿಂದರೆ ವಾಂತಿ, ತಲೆಸುತ್ತು. ಬಿತ್ತೋ ಬೀಜವನ್ನು ಉಪ್ಪು ನೀರಲ್ಲಿ ಹಾಕಿ ತೇಲಿದ್ದನ್ನು ಬಳಿದು ಒಗೆಯುವುದು ಇದಕ್ಕೇ. ಯುರೋಪಿನ ರೈ ಕಾಳಿಗೆ ಹತ್ತುವ ಇದರ ಸೋದರ ಊರೂರನ್ನೇ ಕೊಂದಿದೆ, ಕೈಕಾಲು ಕೊಳೆಸಿದೆ. ರಕ್ತನಾಳವನ್ನು ಬಿಗಿಯುವುದು ಅದರ ಗುಣ. ಅದೇ ಗುಣವನ್ನು ಅಳತೆ ಮಾಡಿ ಹಿಡಿದರೆ? ಹೆರಿಗೆ ಆದಮೇಲೆ ರಕ್ತ ನಿಲ್ಲದ ತಾಯಿಗೆ ಕೊಡುವ ಮೀಥೈಲ್ ಎರ್ಗೊಮೆಟ್ರಿನ್ ಇಂಜೆಕ್ಷನ್ ಹುಟ್ಟಿದ್ದು ಅಲ್ಲಿಂದ. ಗರ್ಭಕೋಶ ಬಿಗಿಯಾಗುತ್ತದೆ, ರಕ್ತ ನಿಲ್ಲುತ್ತದೆ. ಬಿಪಿ ಜಾಸ್ತಿ ಇರುವವರಿಗೆ ಅದನ್ನು ಕೊಡುವ ಹಾಗಿಲ್ಲ, ಯಾಕಂದರೆ ಹಳೆಯ ವಿಷ ಅದರೊಳಗೆ ಇನ್ನೂ ಇದೆ.

ಇಟಲಿಯ ಬಾರ್ತೊಲೊಮಿಯೊ ಗೋಸಿಯೊ 1893ರಲ್ಲಿ ಕೆಟ್ಟ ಮೆಕ್ಕೆಜೋಳದ ಬೂಷ್ಟಿನಿಂದ ಹರಳಿನಂಥ ವಸ್ತು ತೆಗೆದರು. ಅದು ಬ್ಯಾಕ್ಟೀರಿಯಾವನ್ನು ತಡೆಯುತ್ತದೆ ಅಂತಲೂ ಬರೆದರು. ಪೆನಿಸಿಲಿನ್‌ಗಿಂತ 35 ವರ್ಷ ಮೊದಲು! ಯಾರೂ ಕಿವಿಗೊಡಲಿಲ್ಲ. ಆ ಮೈಕೊಫಿನಾಲಿಕ್ ಆಮ್ಲದಿಂದ ಮಾಡಿದ ಗುಳಿಗೆ 1995ರಿಂದ ಕಿಡ್ನಿ ಕಸಿ ಆದವರ ಮೈ ಹೊಸ ಕಿಡ್ನಿಯನ್ನು ತಳ್ಳಿಹಾಕದ ಹಾಗೆ ಕಾಯುತ್ತಿದೆ. ಕೆಟ್ಟ ಕಾಳಿನಿಂದ ಕಸಿ ವಾರ್ಡಿನವರೆಗೆ ಬರೋಕೆ ನೂರು ವರ್ಷ ಹಿಡಿಯಿತು.

ಹಾಗಾಗಿ ಹೊಸ ಸುದ್ದಿಗಳನ್ನು ಓದುವಾಗ ತಾಳ್ಮೆ ಬೇಕು. 2025ರ ಜೂನ್‌ನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಅದೇ ಆಸ್ಪರ್ಜಿಲ್ಲಸ್ ಫ್ಲೇವಸ್‌ನಿಂದ ಆಸ್ಪೆರಿಜಿಮೈಸಿನ್ ಅನ್ನೋ ವಸ್ತುಗಳನ್ನು ತೆಗೆದರು. ರಕ್ತದ ಕ್ಯಾನ್ಸರ್ ಕೋಶಗಳ ಮೇಲೆ, ತಟ್ಟೆಯಲ್ಲಿ, ಅವು ಚೆನ್ನಾಗಿ ಕೆಲಸ ಮಾಡಿದವು. ಒಂದಕ್ಕೆ ಕೊಬ್ಬಿನ ತುಣುಕು ಜೋಡಿಸಿದಾಗ ಈಗಿರುವ ಔಷಧಿಗಳಿಗೆ ಸಮನಾಯಿತು. ನನಗೂ ಓದಿ ಖುಷಿಯಾಯಿತು. ಆದರೆ ತಟ್ಟೆಯಿಂದ ಇಲಿಗೆ, ಇಲಿಯಿಂದ ಮನುಷ್ಯನಿಗೆ ಬಹಳ ದೂರ. ಇದನ್ನು ಹೇಳೋಕೆ ಕಾರಣ ಇದೆ. ಅಣಬೆ ಪುಡಿ ತಿಂದರೆ ಕ್ಯಾನ್ಸರ್ ಹೋಗುತ್ತೆ, ಶುಗರ್ ಹೋಗುತ್ತೆ ಅನ್ನೋ ಜಾಹೀರಾತುಗಳು ನಮ್ಮ ಮೊಬೈಲ್‌ಗಳಿಗೆ ದಿನಾ ಬರುತ್ತವೆ. ಶುದ್ಧ ಮಾಡಿ, ಅಳೆದು, ವರ್ಷಗಟ್ಟಲೆ ಪರೀಕ್ಷೆ ಮಾಡಿದ ಒಂದು ಅಣುವೇ ಬೇರೆ, ಡಬ್ಬಿಯ ಪುಡಿಯೇ ಬೇರೆ. ಅದನ್ನು ನಂಬಿ ಆಸ್ಪತ್ರೆಯ ಔಷಧಿ ಬಿಟ್ಟವರನ್ನು ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ.

ಮತ್ತೆ ಜಗಳದ ಮಾತಿಗೆ ಬರೋಣ. ಔಷಧಿ ಹುಡುಕಾಟ ಮಂದವಾದದ್ದಕ್ಕೆ ಒಂದು ಕಾರಣ ತಟ್ಟೆಯಲ್ಲೇ ಇದೆ. ಬೂಷ್ಟನ್ನು ಒಂಟಿಯಾಗಿ ಬೆಳೆಸಿ, ಹೊಟ್ಟೆ ತುಂಬ ಸಕ್ಕರೆ ಕೊಟ್ಟರೆ ಅದಕ್ಕೆ ಯಾರ ಭಯ? ಕತ್ತಿ ಒರೆಯಲ್ಲೇ ಉಳಿಯುತ್ತದೆ. 2005ರಲ್ಲಿ ಆಸ್ಪರ್ಜಿಲ್ಲಸ್‌ಗಳ ಪೂರ್ತಿ ಜೀನ್ ನಕ್ಷೆ ಬಂದಾಗ ಇದು ಎದ್ದು ಕಂಡಿತು. ವಿಷ ತಯಾರಿಸುವ ಜೀನುಗಳ ಗೊಂಚಲುಗಳು ಬೇಕಾದಷ್ಟಿವೆ, ಹೊರಬಂದ ವಸ್ತುಗಳು ಕೆಲವೇ. ಉಳಿದವು ಮಲಗಿವೆ. 2009ರಲ್ಲಿ ಜರ್ಮನಿಯ ಯೇನಾದಲ್ಲಿ ಆಕ್ಸೆಲ್ ಬ್ರಾಖಾಗೆ ಅವರ ತಂಡ ಆಸ್ಪರ್ಜಿಲ್ಲಸ್ ನಿಡುಲನ್ಸ್ ಜೊತೆ ಮಣ್ಣಿನ ಆಕ್ಟಿನೊಮೈಸೀಟ್ ಬಳಗದ ಬ್ಯಾಕ್ಟೀರಿಯಾಗಳನ್ನು ಬೆಳೆಸಿತು. ಸುಮಾರು 58 ಬಗೆಗಳಲ್ಲಿ ಒಂದೇ ಒಂದು ಅದನ್ನು ಎಬ್ಬಿಸಿತು. ಅದೂ ದೂರದಿಂದಲ್ಲ. ಮೈಗೆ ಮೈ ತಾಗಿದಾಗ ಮಾತ್ರ ಮಲಗಿದ್ದ ಜೀನುಗಳು ಎದ್ದು ಕೆಲಸ ಶುರು ಮಾಡಿದವು. ಎಲ್ಲ ವೈರಿಗೂ ಒಂದೇ ಆಯುಧ ಅಲ್ಲ, ಇಂಥವನಿಗೆ ಇಂಥದ್ದು. ಈ ಪ್ರಯೋಗದ ಬಗ್ಗೆ ಪಾಠ ಮಾಡಿದ ದಿನ ನನಗೆ ನಿದ್ದೆ ಬರಲಿಲ್ಲ.

ಹಾಗಾದರೆ ಎಲ್ಲಿ ಹುಡುಕಬೇಕು? ಕಿಕ್ಕಿರಿದ ಜಾಗದಲ್ಲಿ. ಸಗಣಿ ಅಂಥದ್ದು. ಆಷಾಢದಲ್ಲಿ ನಮ್ಮ ತಿಪ್ಪೆ ಮೇಲೆ ಬೆಳಗ್ಗೆ ಬಿಳಿ ಕೊಡೆ ಬಿಚ್ಚಿ, ಮಧ್ಯಾಹ್ನಕ್ಕೆ ಅಂಚಿನಿಂದ ಕರಗಿ ಕಪ್ಪು ಮಸಿಯಾಗಿ ತೊಟ್ಟಿಕ್ಕುವ ನಾಯಿಕೊಡೆಯನ್ನು ನೀವು ನೋಡಿರಬಹುದು. ಅದೇ ಬಳಗದ, ಕುದುರೆ ಲದ್ದಿಯಲ್ಲಿ ಬೆಳೆಯುವ ಒಂದು ಅಣಬೆಯಲ್ಲಿ ಸ್ವಿಸ್ ಮತ್ತು ಜರ್ಮನ್ ವಿಜ್ಞಾನಿಗಳು 2014ರಲ್ಲಿ ಕಾಪ್ಸಿನ್ ಅನ್ನೋ ಚಿಕ್ಕ ಪ್ರೋಟೀನನ್ನು ಗುರುತಿಸಿದರು. ಅದು ಬ್ಯಾಕ್ಟೀರಿಯಾದ ಗೋಡೆ ಕಟ್ಟುವ ಇಟ್ಟಿಗೆಯನ್ನೇ ಹಿಡಿದು ನಿಲ್ಲಿಸುತ್ತದೆ. ಇನ್ನೊಂದು ಅಣಬೆಯಿಂದ 1951ರ ಹೊತ್ತಿಗೆ ಸಿಕ್ಕ ಪ್ಲೂರೊಮುಟಿಲಿನ್ ಮೊದಲು ಹಂದಿ, ಕೋಳಿಗಳ ಔಷಧಿಯಾಯಿತು. 2019ರಲ್ಲಿ ಲೆಫಾಮುಲಿನ್ ರೂಪದಲ್ಲಿ ಮನುಷ್ಯರ ನ್ಯುಮೋನಿಯಾಕ್ಕೆ ಬಂತು. ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇಟ್ಟುಕೊಂಡಿರುವ ನಾವು ಈ ದಾರಿಯನ್ನು ಗಮನಿಸಬೇಕು ಅಲ್ವಾ?

ಇನ್ನೊಂದು ಜಾಣ ದಾರಿ ಇದೆ. ವಿಷ ಮಾಡುವ ಬೂಷ್ಟು ತನ್ನ ವಿಷಕ್ಕೆ ತಾನೇ ಸಾಯಬಾರದು. ಅದಕ್ಕೆ ಗುರಾಣಿಯ ಜೀನನ್ನು ಆಯುಧದ ಜೀನುಗಳ ಪಕ್ಕದಲ್ಲೇ ಇಟ್ಟುಕೊಳ್ಳುತ್ತದೆ. ಲೊವಾಸ್ಟಾಟಿನ್ ಮಾಡುವ ಬೂಷ್ಟಿನಲ್ಲಿ, ಆ ವಿಷ ಹೊಡೆಯುವ ಕಿಣ್ವದ್ದೇ ಇನ್ನೊಂದು ಪ್ರತಿ ಇದೆ. ಈ ಗುರಾಣಿ ಕಂಡರೆ ಪಕ್ಕದ ಕತ್ತಿ ಯಾರಿಗೆ ಬೀಳುತ್ತದೆ ಅಂತ ಮೊದಲೇ ಹೇಳಬಹುದು. ಕ್ಯಾಲಿಫೋರ್ನಿಯಾದ ಯಿ ಟಾಂಗ್ ಅವರ ತಂಡ 2018ರಲ್ಲಿ ಹೀಗೇ ಹುಡುಕಿ, ಆಸ್ಪರ್ಜಿಲ್ಲಸ್ ಟೆರಿಯಸ್‌ನಲ್ಲಿ ಕಳೆ ಕೊಲ್ಲುವ ವಸ್ತುವನ್ನು ಹಿಡಿಯಿತು. ಎಂಡೋ 6,000 ತಟ್ಟೆ ನೋಡಿ ಕಂಡಂಥದ್ದನ್ನು ಇವರು ಜೀನ್ ನಕ್ಷೆ ಓದಿ ಕಂಡರು.

ಟ್ರೈಕೋಡರ್ಮಾ ಕಥೆ ಇಲ್ಲಿ ಮತ್ತೆ ಬರುತ್ತದೆ. 1930ರ ದಶಕದಲ್ಲಿ ವೈಂಡ್ಲಿಂಗ್ ಅನ್ನೋ ವಿಜ್ಞಾನಿ ಅದರ ಆಯುಧ ಹುಡುಕುತ್ತ ಗ್ಲಿಯೊಟಾಕ್ಸಿನ್ ತೆಗೆದರು. ಔಷಧಿ ಆದೀತು ಅನ್ನೋ ಆಸೆ ಹುಟ್ಟಿತು, ಆದರೆ ಪ್ರಾಣಿಗಳಿಗೆ ಅದು ವಿಷ. ಆಮೇಲೆ ಗೊತ್ತಾಗಿದ್ದು, ನಮ್ಮ ಶ್ವಾಸಕೋಶಕ್ಕೆ ಇಳಿಯುವ ಆಸ್ಪರ್ಜಿಲ್ಲಸ್ ಫ್ಯುಮಿಗೇಟಸ್ ಕೂಡ ಅದೇ ಗ್ಲಿಯೊಟಾಕ್ಸಿನ್ ಬಳಸಿ ನಮ್ಮ ಬಿಳಿ ರಕ್ತಕಣಗಳ ಕೈ ಕಟ್ಟುತ್ತದೆ. ಮಣ್ಣಲ್ಲಿ ಕಲಿತ ಪಟ್ಟು ಮೈಯಲ್ಲೂ ನಡೆಯುತ್ತದೆ.

ಇದಕ್ಕೇ ಹೊಲವನ್ನೂ ಆಸ್ಪತ್ರೆಯನ್ನೂ ಬೇರೆ ಬೇರೆ ಲೆಕ್ಕ ಹಾಕಬಾರದು ಅನ್ನೋದು. ಅಂಗಡಿಯಿಂದ ತಂದು ಬೆಳೆಯ ಬೂಷ್ಟಿಗೆ ಸಿಂಪಡಿಸುವ ಹೆಕ್ಸಾಕೊನಜೋಲ್, ಟೆಬುಕೊನಜೋಲ್‌ಗಳು ಆಸ್ಪತ್ರೆಯಲ್ಲಿ ಬೂಷ್ಟು ರೋಗಕ್ಕೆ ಕೊಡುವ ವೊರಿಕೊನಜೋಲ್‌ನ ಬಂಧುಗಳು. ಹೊಲದಲ್ಲಿ ಅವಕ್ಕೆ ಒಗ್ಗಿಹೋದ ಆಸ್ಪರ್ಜಿಲ್ಲಸ್ ರೋಗಿಯ ಎದೆಯಲ್ಲೂ ಬಗ್ಗುವುದಿಲ್ಲ. ಇಂಥ ಬಗೆಗಳು ಭಾರತದ ಹೊಲಗಳ ಮಣ್ಣಲ್ಲೂ ಸಿಕ್ಕಿವೆ. ಎಲೆಚುಕ್ಕೆಗೆ ಹೊಡೆಯುವ ಅಜಾಕ್ಸಿಸ್ಟ್ರೋಬಿನ್ ಕೂಡ ಪೈನ್ ಕಾಯಿಯ ಮೇಲೆ ಬೆಳೆಯುವ ಪುಟ್ಟ ಅಣಬೆಯ ಆಯುಧ ನೋಡಿ ಮಾಡಿದ್ದು. ಬೇಕಾದಾಗ ಬೇಕಾದಷ್ಟೇ ಹೊಡೆಯಬೇಕು. ನಮ್ಮ ಹಿರಿಯರು ತೊಗರಿ ಸಾಲಿನ ನಡುವೆ ಜೋಳ ಹಾಕುತ್ತಿದ್ದರು. ಜೋಳದ ಜೊತೆ ಬೆಳೆದ ತೊಗರಿಗೆ ನೆಟೆ ಕಡಿಮೆ ಅಂತ ಸಂಶೋಧನೆಗಳೂ ಹೇಳಿವೆ.

ನಮ್ಮಲ್ಲಿ ಏನಿದೆ ಅಂತ ಕೇಳಿದರೆ, ಬಹಳ ಇದೆ. ಕಲಬುರಗಿಯಲ್ಲಿ ಕೃಷಿ ಸಂಶೋಧನಾ ಕೇಂದ್ರ ಇದೆ, ಗುಲಬರ್ಗಾ ವಿಶ್ವವಿದ್ಯಾಲಯ ಇದೆ, ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಚಿಂಚೋಳಿಯ ಒಣ ಕಾಡಿದೆ, ಹುತ್ತದ ಅಣಬೆಗಳಿವೆ, ಮೇ ತಿಂಗಳ ಉರಿಬಿಸಿಲಲ್ಲೂ ಬಿರುಕಿನೊಳಗೆ ಜೀವ ಹಿಡಿದಿರುವ ಎರೆ ಮಣ್ಣಿನ ಬೂಷ್ಟುಗಳಿವೆ. ಜಗತ್ತಿನಲ್ಲಿ ಸುಮಾರು 25 ಲಕ್ಷ ಬಗೆಯ ಶಿಲೀಂಧ್ರಗಳಿರಬಹುದು ಅನ್ನೋದು ಅಂದಾಜು. ಹೆಸರಿಟ್ಟದ್ದು ಒಂದೂವರೆ ಲಕ್ಷದ ಆಚೀಚೆ. ಪುಣೆಯ ಅಘರ್ಕರ್ ಸಂಸ್ಥೆಯಲ್ಲಿ ರಾಷ್ಟ್ರೀಯ ಶಿಲೀಂಧ್ರ ಸಂಗ್ರಹ ಇದೆ, ಅಲ್ಲಿ ಇಟ್ಟರೆ ಬಗೆ ಕಳೆದುಹೋಗುವುದಿಲ್ಲ. ಬೇಕಾಗಿರುವುದು ಬೂಷ್ಟು ಗುರುತಿಸಲು ಕಲಿತ ಹುಡುಗ ಹುಡುಗಿಯರು, ಅವರಿಗೆ ನಾಲ್ಕಾರು ವರ್ಷ ನಿಶ್ಚಿಂತೆಯಿಂದ ಕೆಲಸ ಮಾಡುವಷ್ಟು ಹಣ.

ಮಣ್ಣು ಯಾರದ್ದು ಅನ್ನೋ ಪ್ರಶ್ನೆಯನ್ನೂ ಮರೆಯಬಾರದು. 1969ರಲ್ಲಿ ಸ್ವಿಸ್ ಕಂಪನಿಯ ನೌಕರರೊಬ್ಬರು ರಜೆಗೆ ನಾರ್ವೆಗೆ ಹೋದಾಗ ಹಾರ್ಡಂಗರ್ ಬಯಲಿಂದ ಒಂದಿಷ್ಟು ಮಣ್ಣು ತಂದರು. ಆ ಮಣ್ಣಿನ ಶಿಲೀಂಧ್ರ ಕೊಟ್ಟ ಸೈಕ್ಲೋಸ್ಪೊರಿನ್ ಅಂಗ ಕಸಿಯ ಚಿತ್ರವನ್ನೇ ಬದಲಿಸಿತು. ಕಂಪನಿ ಅಪಾರ ಗಳಿಸಿತು, ಆ ಮಣ್ಣಿನ ನಾಡಿಗೆ ಪಾಲು ಬರಲಿಲ್ಲ. ಆಗ ಕಾನೂನೂ ಇರಲಿಲ್ಲ. ಈಗ ನಮ್ಮಲ್ಲಿ 2002ರ ಜೀವವೈವಿಧ್ಯ ಕಾಯ್ದೆ ಇದೆ, ಪಂಚಾಯಿತಿ ಮಟ್ಟದಲ್ಲಿ ಜೀವವೈವಿಧ್ಯ ದಾಖಲೆ ಬರೆಯುವ ಪದ್ಧತಿ ಇದೆ. ಆ ದಾಖಲೆಯಲ್ಲಿ ಮರ, ಹಕ್ಕಿ, ದನದ ತಳಿಗಳ ಪಕ್ಕದಲ್ಲಿ ಅಣಬೆಗೂ ಬೂಷ್ಟಿಗೂ ಒಂದು ಪುಟ ಇರಬೇಕು. ಇದು ನನ್ನ ಗಟ್ಟಿಯಾದ ಬೇಡಿಕೆ.

ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ ಕಾಕಾ ನನ್ನನ್ನು ಹಳ್ಳದ ಕಡೆಯ ಹೊಲಕ್ಕೆ ಕರೆದೊಯ್ದರು. ಅದು ಬಾಜೂಕಿನವರ ಪಟ್ಟಿ, ಬೀಜಕ್ಕೆ ಏನೂ ಹಚ್ಚದೆ ಬಿತ್ತಿದ್ದು. ಒಂದು ಸಾಲು ಪೂರ್ತಿ ನೆಟೆ ಹೋಗಿತ್ತು. ಬೂದು ಬಣ್ಣದ ಒಣ ಕಡ್ಡಿಗಳು. ನಡುವೆ ಒಂದೇ ಒಂದು ಗಿಡ ಹಸಿರಾಗಿ, ಕಾಯಿ ಹೊತ್ತು ನಿಂತಿತ್ತು.

"ಇಡೀ ಸಾಲು ಒಣಗ್ಯಾದ, ಇದೊಂದೇ ನಿಂತದ ನೋಡು ತಮ್ಮಾ. ಇದರ ಬುಡಕ ಏನದ ಅಂತ ನಿಮ್ಮ ಕಾಲೇಜಿನಾಗ ನೋಡ್ರಿ."

ಕಾಕಾ ಎಲ್ಲಿ ಹುಡುಕಬೇಕು ಅಂತ ನನಗಿಂತ ಮೊದಲೇ ಕಂಡುಕೊಂಡಿದ್ದರು. ಕಳೆ ತೆಗೆಯುವ ಕುರ್ಚಿಗೆಯಿಂದ ಬೇರಿಗೆ ಪೆಟ್ಟಾಗದ ಹಾಗೆ ಬುಡದ ಮಣ್ಣು ಕೆದರಿ, ಬೊಗಸೆಯಷ್ಟು ತೆಗೆದು ಕೊಟ್ಟರು. ಪಕ್ಕದ ಸತ್ತ ಗಿಡದ ಬುಡದಿಂದಲೂ ಅಷ್ಟೇ ತೆಗೆದುಕೊಂಡೆ, ಹೋಲಿಸಿ ನೋಡೋಕೆ. ಎರಡು ಪೊಟ್ಟಣ ಕಟ್ಟಿ, ಮೇಲೆ ಊರಿನ ಹೆಸರು, ಹೊಲದ ಸರ್ವೆ ನಂಬರ್, ತಾರೀಖು ಬರೆದೆ.